ಮದುವೆಗೊಂದು ಟೈರು, ಬೀಗರೂಟಕ್ಕೊಂದು ಟೈರು

ನನಗೊಂದು ಕೆಟ್ಟ ಚಾಳಿಯಿದೆ. ಮದುವೆಗೆ ಹೋದರೆ ಉಳಿದ ಹೆಂಗಸರು ಮದುಮಗಳ ಸೀರೆ ನೋಡುತ್ತಾರೆ, ಅವಳ ಅತ್ತೆಯ ಕಾಸಿನ ಸರ ನೋಡುತ್ತಾರೆ. ನಾನು ಹೊರಗೆ ನಿಂತ ಗಾಡಿಗಳ ಟೈರು ನೋಡುತ್ತೇನೆ. ಮೊನ್ನೆ ಕೆಂಪಾಪುರದ ಕಲ್ಯಾಣಮಂಟಪವೊಂದರ ಮುಂದೆ ಯಾರದೋ ದೊಡ್ಡ ಜೀಪಿನ ಹಿಂದೆ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ಹೀಗೇ ಬಗ್ಗಿದ್ದೆ. ಜೀಪಿನ ಒಡೆಯ ಬಂದವನು, "ಏನ್ ಮೇಡಮ್, ಓಲೆ ಬಿತ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಾನೂ ಬಗ್ಗಿ ಹುಡುಕತೊಡಗಿದ.

"ಇಲ್ಲಪ್ಪ, ನಿನ್ ಟೈರು ನೋಡ್ತಿದ್ದೆ. ಇಷ್ಟು ದಪ್ಪ ಗಂಟಿನ ಬಟನ್ ಟೈರು ಹಾಕಿಸ್ಕೊಂಡು ಎಲ್ಲಿಗೆ ಹೋಗ್ತೀಯ?" ಎಂದೆ.

"ಎಲ್ಲಿಗೂ ಇಲ್ಲ ಮೇಡಮ್, ಆಫೀಸಿಗೆ. ಲುಕ್ಕಿಗೆ ಹಾಕ್ಸಿರೋದು" ಎಂದು ನಾಚಿಕೊಂಡ. ಕೆಸರನ್ನೇ ಕಾಣದ ಟೈರು ಅದು. ನನಗೆ ಪಾಪ ಎನಿಸಿತು. ಹುಡುಗನ ಮೇಲಲ್ಲ, ಟೈರಿನ ಮೇಲೆ.

ಈ ಚಾಳಿ ತವರಿನಿಂದ ತಂದದ್ದಲ್ಲ. ನನ್ನ ತವರು ಆರ್.ಟಿ. ನಗರ. ಅಲ್ಲಿ ನಮ್ಮಪ್ಪನ ಹತ್ತಿರ ಒಂದು ಸ್ಕೂಟರ್ ಇತ್ತು. ಅದರ ಟೈರು ನಮ್ಮ ತಾತನ ತಲೆಯಷ್ಟೇ ನುಣುಪು. ಪ್ರತಿ ವರ್ಷವೂ ಅಪ್ಪ ಅದನ್ನು ಹೆಬ್ಬೆರಳಿನಿಂದ ಒತ್ತಿ, "ಇನ್ನೊಂದು ಮಳೆಗಾಲ ತಡಿಯುತ್ತೆ" ಎನ್ನುತ್ತಿದ್ದರು. ಅದೂ ಮಾತು ಉಳಿಸಿಕೊಳ್ಳುತ್ತಿತ್ತು. ನನ್ನ ಪಾಲಿಗಿದ್ದದ್ದು ಒಂದು ಹಳೇ ಸೈಕಲ್ ಟೈರು. ಬೀದಿಯಲ್ಲಿ ಕೋಲು ಹಿಡಿದು ಟೈರು ಓಡಿಸುವ ಹೆಣ್ಣುಮಗಳು ನಾನೊಬ್ಬಳೇ ಆದ್ದರಿಂದ ನನಗೆ ಸ್ವಲ್ಪ ಜಂಬವೂ ಇತ್ತು. ಒಂದು ದಿನ ಅದು ಇಳಿಜಾರಿನಲ್ಲಿ ಕೈ ಮೀರಿ ಓಡಿ, ಎದುರುಮನೆ ಅಜ್ಜಿ ಹಪ್ಪಳ ಒಣಹಾಕಿದ್ದ ಚಾಪೆಯ ಮೇಲೆ ಎರಡು ಸುತ್ತು ಹೊಡೆದು ಮಲಗಿತು. ಎಣ್ಣೆಗೆ ಹಾಕಿದ ಮೇಲೂ ಹಪ್ಪಳದಲ್ಲಿ ಟೈರಿನ ಗೆರೆ ಕಾಣುತ್ತಿತ್ತು ಎಂದು ಆ ಅಜ್ಜಿ ನನ್ನ ಮದುವೆಯ ದಿನದವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರು.

ಮದುವೆಯಾಗಿ ಹೋದದ್ದು ಯಲಹಂಕ ಹಳೇ ಪಟ್ಟಣಕ್ಕೆ. ಗಂಡನ ಮನೆಯವರದು ಶಾಮಿಯಾನ ಅಂಗಡಿ. ಚಪ್ಪರದ ಕಂಬ, ಬಟ್ಟೆ, ಕುರ್ಚಿ, ಟೇಬಲ್ಲು, ಮನುಷ್ಯ ಇಳಿದು ಸ್ನಾನ ಮಾಡಬಹುದಾದಂಥ ಕೊಳಗ, ಸೌಟು, ಜರಡಿ ಎಲ್ಲವೂ ಬಾಡಿಗೆಗೆ. "ಹುಡುಗ ಹೆಂಗೋ ಏನೋ, ಮದುವೆಗೆ ಪಾತ್ರೆ ಬಾಡಿಗೆಯಂತೂ ಉಳೀತು" ಎಂದು ನಮ್ಮಪ್ಪ ಒಪ್ಪಿಕೊಂಡರು. ಆ ಅಂಗಡಿಗೆ ಒಂದು ಲಾರಿ ಇತ್ತು. ತೀರಾ ದೊಡ್ಡದಲ್ಲ. ಮುಂದೆ ಎರಡು ಚಕ್ರ, ಹಿಂದೆ ನಾಲ್ಕು. ಮನೆಯಲ್ಲಿ ಅದನ್ನು ಯಾರೂ ಲಾರಿ ಎನ್ನುತ್ತಿರಲಿಲ್ಲ, "ಗಾಡಿ" ಎನ್ನುತ್ತಿದ್ದರು. ಹಬ್ಬದ ದಿನ ಮನೆಯ ದೇವರಿಗಿಂತ ಮೊದಲು ಹೂವು ಅದಕ್ಕೇ.

ನಮ್ಮ ಕಡೆಯ ಮದುವೆಯನ್ನು ಬಲ್ಲವರಿಗೆ ನಾನು ಹೇಳಬೇಕಾದ್ದಿಲ್ಲ, ಅರಿಯದವರಿಗೆ ಹೇಳುತ್ತೇನೆ. ಅದು ಎರಡು ಭಾಗ. ಧಾರೆ ನಡೆಯುವುದು ಡಾಂಬರು ರಸ್ತೆಯ ಪಕ್ಕದ ಕಲ್ಯಾಣಮಂಟಪದಲ್ಲಿ. ಅಲ್ಲಿ ಹೋಳಿಗೆ, ಕೋಸಂಬರಿ, ನಯವಾದ ಮಾತು. ಆಮೇಲೆ ಬೀಗರೂಟ. ಅದು ನಡೆಯುವುದು ಊರಾಚೆಯ ತೋಪಿನಲ್ಲಿ, ಮರದ ನೆರಳಿನಲ್ಲಿ. ಅಲ್ಲಿ ಮುದ್ದೆ, ಮಟನ್ ಸಾರು, ಎದೆ ಬಿಚ್ಚಿದ ಮಾತು. ಧಾರೆಯ ಊಟ ಮರೆತವರುಂಟು, ಬೀಗರೂಟದಲ್ಲಿ ತಮ್ಮ ಎಲೆಗೆ ಮೂಳೆಯೇ ಹೆಚ್ಚು ಬಿತ್ತು ಎಂಬುದನ್ನು ಮೊಮ್ಮಕ್ಕಳ ಕಾಲಕ್ಕೂ ಯಾರೂ ಮರೆಯುವುದಿಲ್ಲ. ನಮ್ಮ ಗಾಡಿ ಎರಡಕ್ಕೂ ಹೋಗಬೇಕು. ಬೆಳಿಗ್ಗೆ ಏರ್‌ಪೋರ್ಟ್ ರಸ್ತೆ, ಮಧ್ಯಾಹ್ನ ಕೆರೆ ಅಂಗಳದ ಕೆಸರು. ಆಗಿನ್ನೂ ಹೆಬ್ಬಾಳದಿಂದ ಈಚೆಗೆ ಮೇಲ್ಸೇತುವೆ ಕಟ್ಟುತ್ತಿದ್ದರು. ಹೈವೇಯೇ ಉತ್ತ ಹೊಲದ ಹಾಗಿತ್ತು. ತೋಪಿನ ಮಣ್ಣುದಾರಿಯೇ ಎಷ್ಟೋ ವಾಸಿ ಎನ್ನಿಸುತ್ತಿತ್ತು. ಆ ಮಾತು ಬೇರೆ.

ಗಾಡಿ ಓಡಿಸುತ್ತಿದ್ದವರು ನಮ್ಮ ಮಾವ. ನಾನು ಹೋದ ಹೊಸತರಲ್ಲಿ ಅವರನ್ನು ಸ್ಟೇರಿಂಗ್ ಹಿಂದೆ ಬಿಟ್ಟು ಬೇರೆ ಕಡೆ ಕಂಡ ನೆನಪೇ ಕಡಿಮೆ. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಹೋಯಿತು. ಡಾಕ್ಟರು ಗಾಡಿ ಮುಟ್ಟಬೇಡಿ ಎಂದರು. ಮಾವ ಮರುಮಾತಾಡದೆ ಕೀಲಿಯನ್ನು ಮಗನ ಕೈಗೆ ಕೊಟ್ಟರು. ಆದರೆ ಅಂದಿನಿಂದ ಗಾಡಿ ಹತ್ತುವುದನ್ನೇ ಬಿಟ್ಟುಬಿಟ್ಟರು. "ಎಡಗಡೆ ಕೂತ್ಕಳಿ ಅಪ್ಪ, ಜೊತೆಗೆ ಬನ್ನಿ" ಎಂದು ನಮ್ಮವರು ಎಷ್ಟೋ ಸಲ ಕರೆದರು.

"ಅದು ಕ್ಲೀನರ್ ಸೀಟು ಕಣ್ಲಾ ಮಂಜಾ. ನನ್ ಗಾಡೀಲಿ ನಾನು ಕ್ಲೀನರ್ ಆಗಿ ಕೂರಾಕಿಲ್ಲ" ಎಂದರು ಮಾವ.

ಬೇರೆಯವರ ಕಾರಿನಲ್ಲಿ, ವ್ಯಾನಿನಲ್ಲಿ ಎಡಗಡೆ ಕೂರಲು ಅವರದೇನೂ ತಕರಾರಿರಲಿಲ್ಲ. ತಮ್ಮ ಗಾಡಿಯಲ್ಲಿ ಮಾತ್ರ ಆಗದು. ದಿನವೆಲ್ಲ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತಿರುತ್ತಿದ್ದರು. ಗಾಡಿ ಹೊರಡುವ ಸದ್ದಾದರೆ ಆಗಷ್ಟೇ ಎಣಿಸಿಟ್ಟ ಸೌಟುಗಳನ್ನು ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಒಂದು ಸಂಜೆ ಹೂ ಕಟ್ಟುತ್ತಾ ಅತ್ತೆ ನನ್ನ ಹತ್ತಿರ ಹೇಳಿದರು: "ಈ ಮನುಷ್ಯ ಗಾಡಿ ಬಿಟ್ಟಿದ್ದಲ್ಲ ಕಣೇ ವೀಣಾ, ಊಟ ಬಿಟ್ಟಂಗಾಗವ್ರೆ. ಎಂಗಾದ್ರೂ ಮಾಡಿ ಒಂದ್ಸಲ ಗಾಡಿ ಅತ್ತಿಸ್ಬಿಡು. ಒಂದ್ಸಲ ಅತ್ತಿದ್ರೆ ಆಮೇಲೆ ತಾನಾಗೇ ಅತ್ತುತಾರೆ." ಎದುರು ಮಾತಾಡಿ ಗೊತ್ತಿದ್ದ ನನಗೆ, ಎದುರು ಮಾತೇ ಇಲ್ಲದ ಮಾವನನ್ನು ಗೆಲ್ಲುವುದು ಹೇಗೆಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಗಾಡಿಯ ಟೈರು ಸವೆದವು. ನಾದಿನಿ ಸುಮಾಳ ಮದುವೆ ಗೊತ್ತಾಗಿತ್ತು. ಮನೆಯ ಮಗಳ ಮದುವೆಗೆ ಬೋಳು ಟೈರು ಹಾಕಿಕೊಂಡು ಹೋಗುವುದೇ ಎಂದು ಮನೆಯಲ್ಲಿ ಮಾತು ಶುರುವಾಯಿತು. ಶುರುವಾದದ್ದು ಮಾತು, ಬೆಳೆದದ್ದು ಜಗಳ. ನಮ್ಮವರಿಗೆ ಬೇಕಾದದ್ದು ಉದ್ದುದ್ದ ಗೆರೆಯ ಟೈರು. ಡಾಂಬರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಡೀಸೆಲ್ ಕಡಿಮೆ ಕುಡಿಯುತ್ತದೆ. ಮಾವನಿಗೆ ಬೇಕಾದದ್ದು ದಪ್ಪ ದಪ್ಪ ಗಂಟಿನ ಬಟನ್ ಟೈರು. ಕೆಸರಿನಲ್ಲಿ ಕಚ್ಚಿ ಹಿಡಿಯುತ್ತದೆ. ಗಾಡಿಯನ್ನೇ ಹತ್ತದ ಮನುಷ್ಯ ಅದರ ಟೈರಿಗಾಗಿ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು. ಜಗಳ ಆಡುವಷ್ಟು ಆಸೆ ಇನ್ನೂ ಇದೆಯಲ್ಲ!

"ಎರಡೂ ಕಡೆಗೆ ಆಗೋ ಟೈರು ಬಂದಿದೆಯಂತೆ" ಎಂದು ನಾನು ಬಾಯಿ ಹಾಕಿದೆ.

"ಎರಡೂ ಕಡೆಗೆ ಆಗೋನು ಮದುವೆ ದಲ್ಲಾಳಿ ಒಬ್ನೇ" ಎಂದರು ಅತ್ತೆ. "ಅವನೂ ಊಟದ ಒತ್ತಿಗೆ ಯಾವ ಕಡೆಗೂ ಆಗಲ್ಲ."

ಕೊನೆಗೆ ಯಶವಂತಪುರದ ಟೈರ್ ಅಂಗಡಿಗೆ ಎಲ್ಲರೂ ಹೋಗಿಯೇ ನೋಡುವುದೆಂದು ತೀರ್ಮಾನವಾಯಿತು. ನಮ್ಮವರು ಗಾಡಿ ತೆಗೆದರು. ಮಾವ ಶರ್ಟಿನ ಗುಂಡಿ ಹಾಕಿಕೊಂಡು, ಕೊಡೆ ಹಿಡಿದು ಸೀದಾ ಬಸ್ ಸ್ಟಾಪಿಗೆ ನಡೆದರು. ನಮ್ಮ ಗಾಡಿಗೆ ಟೈರು ಕೊಳ್ಳಲು ನಮ್ಮ ಗಾಡಿಯೇ ಹೋಗುತ್ತಿರುವಾಗ ಯಜಮಾನರು ಬಸ್ಸಿನಲ್ಲಿ! ಕಣ್ಣು ಸರಿಯಿಲ್ಲದವರನ್ನು ಒಬ್ಬರನ್ನೇ ಬಿಡುವುದು ಹೇಗೆ ಎಂದು ನಾನೂ ಹಿಂದೆ ಓಡಿದೆ. ಅದೇ ದಿನ ದಾರಿಯಲ್ಲಿ ಪೊಲೀಸರು, ಈ ಹೊತ್ತಿನಲ್ಲಿ ಲಾರಿ ಬಿಡುವುದಿಲ್ಲ ಎಂದು ನಮ್ಮವರನ್ನು ಪಕ್ಕಕ್ಕೆ ನಿಲ್ಲಿಸಿದ್ದರು. ಬಸ್ಸಿನ ಕಿಟಕಿಯಿಂದ ನಾನೇ ನೋಡಿದೆ. ಮಾವನಿಗೆ ಹೇಳಿದೆ. ಅವರು ಆ ಕಡೆ ತಿರುಗಿ ಕೈ ಬೀಸಿದರು. ಕಂಡಿತೋ ಇಲ್ಲವೋ, ಸಂತೋಷವಂತೂ ಆಯಿತು. ನಮ್ಮವರು ಬಂದು ಸೇರುವಷ್ಟರಲ್ಲಿ ನಾವು ಎರಡನೇ ಕಾಫಿ ಮುಗಿಸಿದ್ದೆವು.

ಟೈರ್ ಅಂಗಡಿಯ ವಾಸನೆ ನಿಮಗೆ ಗೊತ್ತೇ? ಹೊಸ ರಬ್ಬರಿನದು. ಕೆಲವರಿಗೆ ತಲೆನೋವು ಬರುತ್ತದಂತೆ. ನನಗೆ ಹೊಸ ಚಪ್ಪಲಿ, ಹೊಸ ಸ್ಕೂಲ್ ಬ್ಯಾಗು, ಜೂನ್ ತಿಂಗಳು ನೆನಪಾಗಿ ಹಸಿವಾಗುತ್ತದೆ. ಅಂಗಡಿಯ ಖಾದರ್ ಭಾಯ್ ಮಾವನಿಗೆ ಹಳೇ ಗುರುತು. ಎಲ್ಲರಿಗೂ ಸ್ಟೂಲು ಹಾಕಿಸಿ, ಒಂದೇ ಪ್ರಶ್ನೆ ಕೇಳಿದರು.

"ನಿಮ್ದು ರೋಡು ಎಷ್ಟು, ಮಣ್ಣು ಎಷ್ಟು? ಅದ್ ಹೇಳಿ ಅಣ್ಣ."

"ಹನ್ನೆರಡಾಣೆ ರೋಡು" ಎಂದರು ನಮ್ಮವರು.

"ಅನ್ನೆರಡಾಣೆ ಮಣ್ಣು" ಎಂದರು ಮಾವ.

ಖಾದರ್ ಭಾಯ್ ಇಬ್ಬರನ್ನೂ ನೋಡಿದರು. "ರೂಪಾಯಿಗೆ ಹದಿನಾರೇ ಆಣೆ ಅಲ್ವಾ ಅಣ್ಣ? ನಿಮ್ಮನೇಲಿ ಇಪ್ಪತ್ನಾಲ್ಕು ಆಯ್ತಲ್ಲ!"

ಅವರಿಬ್ಬರೂ ಮುಖ ಆಚೀಚೆ ತಿರುಗಿಸಿದ್ದರಿಂದ ಉತ್ತರ ಹೇಳುವುದು ನನ್ನ ಪಾಲಿಗೆ ಬಂತು. "ಭಾಯ್, ಮದುವೆಯೆಲ್ಲ ರೋಡಲ್ಲಿ, ಬೀಗರೂಟ ಎಲ್ಲ ಮಣ್ಣಲ್ಲಿ" ಎಂದೆ.

"ಅಷ್ಟೇ ತಾನೆ!" ಎಂದು ತೊಡೆ ತಟ್ಟಿದರು. "ಮುಂದೆ ಗೆರೆ ಹಾಕಿ, ಹಿಂದೆ ಬಟನ್ ಹಾಕಿ. ಮುಂದಿಂದು ದಾರಿ ತೋರ್ಸತ್ತೆ, ಹಿಂದಿಂದು ನೂಕತ್ತೆ. ಮನೆ ಸಂಸಾರ ಹೆಂಗೋ ಹಂಗೆ."

ಎಷ್ಟು ಸುಲಭ! ಮುಂದಿನ ಎರಡು ಮಗನವು, ಹಿಂದಿನ ನಾಲ್ಕು ಅಪ್ಪನವು. ಇಬ್ಬರೂ ಗೆದ್ದೆವೆಂದುಕೊಂಡರು. ಟೈರು ಕೂರಿಸಿ, ಗಾಳಿ ಹೊಡೆದು, ನಿಂಬೆಹಣ್ಣಿನ ಮೇಲೆ ಹರಿಸುವಷ್ಟರಲ್ಲಿ ಭಾಯ್ ಮತ್ತೊಂದು ಪ್ರಶ್ನೆ ಕೇಳಿದರು. "ಸ್ಟೆಪ್ನಿ ಯಾವುದು ಹಾಕ್ಲಿ?"

ಸ್ಟೆಪ್ನಿ ಎಂದರೆ ಪಂಕ್ಚರ್ ಆದಾಗ ಬೇಕಾಗುವ ಉಳಿಕೆ ಟೈರು. ಅದು ಇರುವುದು ಒಂದೇ. ಗೆರೆಯದೋ, ಬಟನ್ನಿನದೋ? ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿದರು. ಮತ್ತೆ ಮೊದಲಿನಿಂದ ಶುರು. ಕೊನೆಗೆ ಮಾವ ಕೊಡೆ ಕೈಗೆತ್ತಿಕೊಂಡು, "ಯಾವ್ದೂ ಬ್ಯಾಡ, ಇರೋದೇ ಇರ್ಲಿ ಬುಡು" ಎಂದರು. ನಮ್ಮವರೂ ಹೂಂ ಎಂದುಬಿಟ್ಟರು. ಇಡೀ ಎರಡು ತಿಂಗಳಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದ ಒಂದೇ ವಿಷಯ ಅದು. ಹಳೇ ಬೋಳು ಟೈರೇ ಸ್ಟೆಪ್ನಿಯಾಗಿ ಉಳಿಯಿತು. ಇಂಥ ತಪ್ಪನ್ನು ಒಬ್ಬರೇ ಮಾಡಲು ಸಾಧ್ಯವಿಲ್ಲ, ಅದಕ್ಕೆ ಒಂದು ಸಂಸಾರವೇ ಬೇಕು. ವಾಪಸ್ಸು ಬರುವಾಗಲೂ ಮಾವ ಬಸ್ಸೇ ಹತ್ತಿದರು.

ಹೊಸ ಬಟನ್ ಟೈರು ಡಾಂಬರಿನ ಮೇಲೆ ಗುಂಯ್ ಎಂದು ಹಾಡುತ್ತದೆ. ಯಲಹಂಕದಲ್ಲಿ ವಾಯುಪಡೆಯ ವಿಮಾನಗಳ ಸದ್ದಿಗೆ ಪಳಗಿದ ಜನ ನಾವು, ಏನು ಗುಂಯ್ ಎಂದರೂ ಮೊದಲು ಆಕಾಶ ನೋಡುತ್ತೇವೆ. ನಮ್ಮ ಗಾಡಿ ಬೀದಿಗೆ ತಿರುಗಿದರೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸರೆಲ್ಲ ಮೇಲೆ ನೋಡುತ್ತಿದ್ದರು. ಮಾವ ಮಾತ್ರ ನೋಡುತ್ತಿರಲಿಲ್ಲ. ಅಂಗಡಿಯೊಳಗೆ ಬೆನ್ನು ಹಾಕಿ ಕೂತು, "ಬಂತು ನಮ್ಮದು" ಎಂದು ಮೆಲ್ಲಗೆ ಹೇಳಿಕೊಂಡು ಸೌಟು ಎಣಿಸುತ್ತಿದ್ದರು.

ಸುಮಾಳ ಧಾರೆ ಚೆನ್ನಾಗಿ ಆಯಿತು. ಬೀಗರೂಟ ನಮ್ಮದು. ಬೀಗರಿಗೆ, ಎಂದರೆ ಗಂಡಿನ ಕಡೆಯವರಿಗೆ, ಕೆರೆಯಾಚೆಯ ನಮ್ಮ ಮಾವಿನ ತೋಪಿನಲ್ಲಿ ನಾವು ಹಾಕುವ ಊಟ. ಊರವರ ಊಟಕ್ಕೆಲ್ಲ ಹೊತ್ತಿಗೆ ಸರಿಯಾಗಿ ಎಲೆ ಹಾಸಿಸಿದ ಮನುಷ್ಯ ನಮ್ಮ ಮಾವ. ಸ್ವಂತ ಮಗಳ ಬೀಗರೂಟ ತಡವಾದರೆ ಅವರು ತಲೆ ಎತ್ತಿ ನಡೆಯುವುದುಂಟೇ? ಅಡುಗೆಯವರ ವ್ಯಾನಿನಲ್ಲಿ ಕೂತು ಬೆಳಗ್ಗೆಯೇ ತೋಪು ಸೇರಿದ್ದರು. ಆದರೆ ಬಾಡಿಗೆ ಕೇಳಿ ಬಂದವರಿಗೆ ಇಲ್ಲ ಎಂದು ಅವರ ನಾಲಿಗೆಗೆ ಬಾರದು. ಹಿಂದಿನ ದಿನ ನಮ್ಮ ಕುರ್ಚಿ ಟೇಬಲ್ಲುಗಳನ್ನೆಲ್ಲ ಏರ್‌ಪೋರ್ಟ್ ರಸ್ತೆಯ ಕಲ್ಯಾಣಮಂಟಪವೊಂದಕ್ಕೆ ಕಳಿಸಿಬಿಟ್ಟಿದ್ದರು. ಅವನ್ನು ತುಂಬಿಕೊಂಡು, ಬಾಳೆಎಲೆ, ನೀರಿನ ಕ್ಯಾನು ಹಾಕಿಕೊಂಡು ನಾನೂ ನಮ್ಮವರೂ ಹೊರಟೆವು. ತಾಂಬೂಲದ ತಟ್ಟೆ ನನ್ನ ತೊಡೆಯ ಮೇಲೆ. ತೋಪಿನಲ್ಲಿ ಸಾರು ಕುದಿಯುತ್ತಿತ್ತು, ಎಲೆ ನಮ್ಮ ಹತ್ತಿರ ಇತ್ತು.

ರಾತ್ರಿ ಮಳೆ ಸುರಿದಿತ್ತು. ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿದ ತಿರುವಿನಲ್ಲೇ ಹಿಂದಿನ ಎಡಗಡೆ ಟೈರು ಬುಸ್ ಎಂದಿತು. ಇಳಿದು ನೋಡಿದರೆ ಮೊಳೆ. ಬೇರೆ ಯಾರದೂ ಅಲ್ಲ, ಹಿಂದಿನ ದಿನ ಚಪ್ಪರದ ಸಾಮಾನು ಸಾಗಿಸುವಾಗ ನಾವೇ ಬೀಳಿಸಿದ್ದ ಮೊಳೆ. ನಮ್ಮವರು ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿ, ಜಾಕಿ ಕೊಟ್ಟು, ಆ ಬೋಳು ಸ್ಟೆಪ್ನಿ ಕೂರಿಸಿದರು. ಗಾಡಿ ನಾಲ್ಕು ಮಾರು ಹೋಗಿ ಕೆಸರಿನಲ್ಲಿ ನಿಂತಿತು. ಅದರ ಜೋಡಿ ಟೈರು ಗುಂಡಿಯ ಮೇಲೆ ತೇಲುತ್ತದೆ, ಬೋಳು ಟೈರು ಬೆಣ್ಣೆಯ ಮೇಲೆ ತಿರುಗಿದ ಹಾಗೆ ತಿರುಗುತ್ತದೆ, ಮುಂದಕ್ಕೆ ಮಾತ್ರ ಹೋಗದು. ಮೇಲಿದ್ದದ್ದು ಬರೀ ಪ್ಲಾಸ್ಟಿಕ್ ಕುರ್ಚಿ, ಎಲೆ. ಒತ್ತಿ ಹಿಡಿಯುವ ಭಾರವೂ ಇಲ್ಲ.

ಫೋನು ಮಾಡಿದ ಮೇಲೆ ಮಾವ ತೋಪಿನಿಂದ ಕೊಡೆ ಊರಿಕೊಂಡು ನಡೆದು ಬಂದರು. ಅದೇ ಹೊತ್ತಿಗೆ ಬೀಗರ ಬಸ್ಸೂ ತಿರುವಿನಲ್ಲಿ ಬಂದು ನಿಂತಿತು. ಬಿಳೀ ಪಂಚೆ, ರೇಷ್ಮೆ ಸೀರೆ, ಮಲ್ಲಿಗೆ, ಸೆಂಟಿನ ಘಮಘಮದ ಒಂದು ಇಡೀ ಊರೇ ಇಳಿಯಿತು. ಸುಮಾಳ ಮಾವ ಚಿಕ್ಕಣ್ಣನವರು ಗಾಡಿ ನೋಡಿದವರೇ ಪಂಚೆ ಎತ್ತಿ ಕಟ್ಟತೊಡಗಿದರು.

ನಮ್ಮ ಮಾವ ಕೊಡೆ ಅಡ್ಡ ಹಿಡಿದರು. "ಬ್ಯಾಡಿ ಬೀಗ್ರೇ! ನೀವು ಕೈ ಆಕ್ಬ್ಯಾಡಿ. ಬೀಗ್ರ ಕೈಲಿ ಗಾಡಿ ತಳ್ಸಿದ್ರು ಅಂತ ನಾಳೆ ಊರೆಲ್ಲ ಆಡ್ಕತದೆ."

ಹೌದು, ಬೀಗರು ಕೆಲಸ ಮಾಡುವಂತಿಲ್ಲ. ಒಂದು ಲೋಟ ಎತ್ತಿಟ್ಟರೂ ಹೆಣ್ಣಿನ ಕಡೆಯವರಿಗೆ ಅವಮಾನ. ಚಿಕ್ಕಣ್ಣನವರು ಒಂದು ಗಳಿಗೆ ಯೋಚಿಸಿದರು.

"ತಳ್ಳಿದ್ರೆ ತಾನೆ ಮಾತು? ನಾವು ತಳ್ಳಾಕಿಲ್ಲ. ಮ್ಯಾಲತ್ತಿ ಕೂತ್ಕತೀವಿ. ಕೂರಾದು ಬೀಗ್ರ ಅಕ್ಕು ಅಲ್ವಾ? ಇಂದ್ಗಡೆ ಭಾರ ಬಿದ್ರೆ ಗಾಡಿ ತಾನಾಗೇ ಎದ್ದು ಬತ್ತದೆ."

ಬೀಗರ ಕಡೆಯ ಗಂಡಸರು, ದೊಡ್ಡ ಹೆಂಗಸರು ಎಲ್ಲ ಹಿಂದಕ್ಕೆ ನುಗ್ಗಿದರು. ಆದರೆ ಚಿಕ್ಕಣ್ಣನವರು ಕಾಲೆತ್ತಿ ಇಟ್ಟವರು ಮತ್ತೆ ಇಳಿಸಿದರು.

"ಅಲ್ಲಾ, ಮನೆ ಯಜಮಾನ್ರು ಅತ್ತದೇ ನಾವೆಂಗೆ ಅತ್ತೋದು? ಮರ್ಯಾದೆ ಅಲ್ಲ ಅದು. ನೀವು ಮುಂದೆ ಕೂತ್ಕಳಿ ಬೀಗ್ರೇ, ಆಮ್ಯಾಕೆ ನಾವು."

ನಾನು ಕ್ಯಾಬಿನ್ನಿನ ನಡುವೆ ತಾಂಬೂಲದ ತಟ್ಟೆ ಹಿಡಿದು ಕೂತಿದ್ದೆ. ಮಾವ ಮೊದಲು ಬಲಗಡೆ ನೋಡಿದರು. ಅಲ್ಲಿ ಮಗನಿದ್ದ. ನಮ್ಮವರು ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇಳಿಯಲೂ ಇಲ್ಲ, ಕರೆಯಲೂ ಇಲ್ಲ. ಬಸ್ಸಿನ ಪಕ್ಕ ನಿಂತಿದ್ದ ಮಕ್ಕಳು ಹಸಿವು ಹಸಿವು ಎನ್ನುತ್ತಿದ್ದವು. ಮಾವ ಮೆಲ್ಲನೆ ಗಾಡಿಯ ಮುಂದಿನಿಂದ ಬಳಸಿಕೊಂಡು ಎಡಗಡೆಗೆ ಬಂದು ಬಾಗಿಲ ಹಿಡಿ ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಆ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು. ಅದು ನಮಗೆಲ್ಲ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಓಡಿಸಿದ ಗಾಡಿಯಲ್ಲಿ ಆ ಬಾಗಿಲನ್ನು ಅವರು ಒಂದು ಸಲವೂ ತೆರೆದವರಲ್ಲ. ನಾನೇ ಒಳಗಿನಿಂದ ಎತ್ತಿ ತೆಗೆದೆ. "ಕೊಡೆ ಇಡ್ಕಳಮ್ಮ" ಎಂದು ನನ್ನ ಕೈಗೆ ಕೊಟ್ಟು, ಹತ್ತಿ ಕೂತರು. ಯಾರ ಮುಖವನ್ನೂ ನೋಡಲಿಲ್ಲ.

ಹಿಂದೆ ಚಿಕ್ಕಣ್ಣನವರೂ ಹತ್ತಿದರು. ಕುರ್ಚಿಗಳು ಕಿರ್ ಎಂದವು, ಗಾಡಿಯ ಹಿಂಭಾಗ ಮೆಲ್ಲಗೆ ಕುಸಿಯಿತು. ಬೀಗಿತ್ತಿಯರು ಯಾರೋ ಸೋಬಾನೆ ಹೇಳಲು ಶುರು ಮಾಡಿದರು. ನಮ್ಮವರು ಸ್ಟಾರ್ಟ್ ಮಾಡಿ ಗೇರು ಹಾಕಿದರು. ಗಾಡಿ ಮಾತ್ರ ಹೊರಡಲಿಲ್ಲ.

"ಹೊರಡ್ರೀ, ಇನ್ನೇನು?" ಎಂದೆ ಮೆಲ್ಲಗೆ.

ಅವರು ಕ್ಲಚ್ ಒತ್ತಿಕೊಂಡೇ ಮುಂದೆ ನೋಡುತ್ತಿದ್ದರು. ಎಂಜಿನ್ ಗುರುಗುಟ್ಟುತ್ತಿತ್ತು. ಮತ್ತೊಂದು ಸಲ ಹೇಳಲು ಬಾಯಿ ತೆರೆದಾಗ ನನಗೆ ನೆನಪಾಯಿತು. ಲಾರಿಯಲ್ಲಿ ಎಡಗಡೆ ಕೂತವರು ಹೇಳದೆ ಬಲಗಡೆ ಕೂತವರು ಹೊರಡುವುದಿಲ್ಲ. ಆ ಪಾಠವನ್ನು ನಮ್ಮವರಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ಮಾವನೇ.

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಿನ ಚಕ್ರದ ಕಡೆ ಬಗ್ಗಿ ನೋಡಿದರು. ಆ ಕಣ್ಣಿಗೆ ಏನು ಕಂಡಿತೋ ನಾನರಿಯೆ. ಕೈ ಚಾಚಿ ಬಾಗಿಲ ತಗಡಿಗೆ ಎರಡು ಸಲ ಬಡಿದು, ಇಡೀ ತೋಪಿಗೆ ಕೇಳುವ ಹಾಗೆ ಕೂಗಿದರು: "ರೈಟ್... ರೈಟ್! ಬುಡ್ಲಾ ಮಂಜಾ!"

ನಮ್ಮವರು ಕ್ಲಚ್ ಬಿಟ್ಟರು.